ಗೇಣಗಲದ ಜಾಡು

ಸಿಂಗಪುರದಲ್ಲಿದ್ದಾಗ ನಾನು ಕೆಲವು ವರ್ಷ ಕಡಲ ಹುಲ್ಲು ಅಳೆಯುವ ಸ್ವಯಂಸೇವಕರ ಜೊತೆ ಹೋಗುತ್ತಿದ್ದೆ. ಅದಕ್ಕೆ ಸೇರಿಸಿದವರು ಹೌಗಾಂಗ್‌ನಲ್ಲಿ ನಮ್ಮ ಬ್ಲಾಕಿನಲ್ಲೇ ಇದ್ದ ಮೈಸೂರಿನ ಗೆಳೆಯ, ಸಾಫ್ಟ್‌ವೇರ್ ಟೆಸ್ಟರ್. ಸಮುದ್ರ ತೀರಾ ಹಿಂದೆ ಸರಿಯುವ ಬೆಳಗುಗಳಲ್ಲಿ ಚಾಂಗಿ ಕಡೆಯ ತೀರಕ್ಕೆ ಇಳಿದು, ಟೇಪು ಹಾಸಿ, ಚೌಕಟ್ಟು ಇಟ್ಟು, ಅದರೊಳಗೆ ಹುಲ್ಲು ಎಷ್ಟು ಭಾಗವಿದೆ ಎಂದು ಹೇಳುವುದು ಕೆಲಸ. ತಲೆಯ ಮೇಲೆ ವಿಮಾನಗಳು ಚಕ್ರ ಬಿಟ್ಟುಕೊಂಡು ಇಳಿಯುತ್ತಿದ್ದವು.

ಆ ಹುಲ್ಲು ಡುಗಾಂಗ್‌ನ ಮೇವು. ಕಡಲ ಹಸು ಎನ್ನಬಹುದು. ಎಮ್ಮೆಯಷ್ಟು ತೂಗುವ, ಸದ್ದಿಲ್ಲದ ಪ್ರಾಣಿ. ನೀರು ತುಂಬಿದಾಗ ಬಂದು ಮೇಯ್ದು, ಇಳಿಯುವ ಮೊದಲೇ ಹೋಗಿಬಿಡುತ್ತದೆ. ನಮ್ಮಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ತಂಡ ನಡೆಸುತ್ತಿದ್ದವರು ನಿವೃತ್ತ ಜೀವಶಾಸ್ತ್ರ ಶಿಕ್ಷಕಿ, ಚೀನೀ ಮೂಲದವರು, ಎಲ್ಲರಿಗೂ ಆಂಟಿ. ಅವರು ಸಹ ನೋಡಿದ್ದು ಅದು ಮೇಯ್ದ ಜಾಡನ್ನು ಮಾತ್ರ: ಹುಲ್ಲಿನ ನಡುವೆ ಗೇಣಗಲದ ಅಂಕುಡೊಂಕು ಗೀರು.

ಆಂಟಿಯದೊಂದು ಕಟ್ಟುಪಾಡು. ಮಣ್ಣಿನಲ್ಲಿ ಏನೇ ಕಂಡರೂ ಅದು ಗೀರು, ಅಷ್ಟೆ. ಅದರೊಳಗೆ ಬೆರಳಿಟ್ಟು, ಬೇರು ಸಿಗಲಿಲ್ಲ ಎಂದು ಖಾತ್ರಿಯಾಗುವ ತನಕ ಯಾರೂ ಪ್ರಾಣಿಯ ಹೆಸರು ಎತ್ತಬಾರದು. ದೋಣಿಯ ಲಂಗರು ಎಲೆಗಳನ್ನು ಹರಿಯಬಹುದು. ಬೇರುಸಮೇತ ಕಿತ್ತು ತಿನ್ನುವುದು ಡುಗಾಂಗ್ ಒಂದೇ. ಪತ್ರಿಕೆಯಲ್ಲಿ ದೃಢಪಡದ ಸುದ್ದಿಗೆ ‘ಎನ್ನಲಾಗಿದೆ’ ಸೇರಿಸಿ ಬದುಕಿದ್ದ ನನಗೆ ಈ ನಿಯಮ ಹಿಡಿಸಿತ್ತು.

ಗೆಳೆಯ ಮೂರು ವರ್ಷ ಉಪಕರಣದ ಪ್ಲಾಸ್ಟಿಕ್ ಡಬ್ಬವನ್ನು ಹಗ್ಗ ಕಟ್ಟಿ ಆ ಕೆಸರಿನಲ್ಲಿ ಎಳೆದಿದ್ದರೂ ಅವರಿಗೆ ಒಂದು ಜಾಡೂ ಕಂಡಿರಲಿಲ್ಲ. ಮುಂದಿನ ವಾರ ಅವರು ಮೆಲ್ಬರ್ನ್‌ಗೆ ಶಿಫ್ಟ್ ಆಗುವವರಿದ್ದರು. ಆ ಸಲ ಶನಿವಾರ, ಭಾನುವಾರ ಎರಡೂ ದಿನ ಸರ್ವೆ ಇತ್ತು. ಭಾನುವಾರದ್ದೇ ಅವರ ಕೊನೆಯದು.

“ಒಂದೇ ಒಂದು ನೋಡ್ಕೊಂಡು ಹೋಗ್ಬೇಕು ಸರ್,” ಎಂದು ಟ್ಯಾಕ್ಸಿಯಲ್ಲಿ ಹೇಳಿದರು. ಪಕ್ಕದಲ್ಲಿ ಅವರ ಹೆಂಡತಿ ಇದ್ದರು. ಗಂಡ ಭಾನುವಾರಗಳನ್ನು ಎಲ್ಲಿ ಕಳೆದರೆಂದು ನೋಡಲು ಮೊದಲ ಸಲ ಹೊರಟಿದ್ದರು.

ಬೆಳಕು ಹರಿದ ಸ್ವಲ್ಪ ಹೊತ್ತಿಗೇ ಗೆಳೆಯ ಕೈ ಎತ್ತಿದರು. ಹುಲ್ಲಿನ ನಡುವೆ ಗೇಣಗಲದ ಗೀರು, ಬಹುದೂರದವರೆಗೆ. ಆಂಟಿ ಇನ್ನೂ ಆಚೆ ತುದಿಯಲ್ಲಿದ್ದರು. ಹೆಸರು ಹೇಳಬಾರದೆಂದು ಇವರು ತುಟಿ ಬಿಗಿಹಿಡಿದು ನಿಂತಿದ್ದರು.

“ನೀವೇ ಕೈ ಇಟ್ಟು ನೋಡಿ ಸರ್. ನಂಗೆ ಆಗಲ್ಲ.”

ನಾನು ಮಂಡಿಯೂರಿ ಬೆರಳಿಳಿಸಿದೆ. ನೂಲಿನಂಥ ಬೇರುಗಳು ತುಂಬ ಸಿಕ್ಕವು. ಎಲೆಗಳು ನೆಲಕ್ಕೆ ಒತ್ತಿಕೊಂಡಿದ್ದವು, ಅಷ್ಟೆ. ತಲೆ ಎತ್ತಿ ನೋಡಿದರೆ ಗೀರು ನೆಟ್ಟಗೆ ಹೋಗಿ, ಹಿಂದಿನ ದಿನ ನಾವು ಟೇಪು ಹಾಸಿದ್ದ ಜಾಗಕ್ಕೆ ಮುಟ್ಟಿತ್ತು. ಅವರ ಕೈಯಲ್ಲಿದ್ದ ಡಬ್ಬದ ತಳದ ಅಗಲವನ್ನು ನೋಡಿದೆ. ಅದೂ ಗೇಣಗಲ. ಬೇರು ಇದೆ ಎಂದೆ.

ಅವರು ಡಬ್ಬವನ್ನೂ ಗೀರನ್ನೂ ಒಮ್ಮೆ ನೋಡಿದರು. “ನನ್ನ ಬಗ್ ನಾನೇ ಹಿಡಿದೆ,” ಎಂದರು. ನಗಲು ನೋಡಿದರು, ಆಗಲಿಲ್ಲ.

“ಬಿಡಿ ರೀ, ಆಸ್ಟ್ರೇಲಿಯಾದಲ್ಲೂ ಹುಲ್ಲಿರತ್ತೆ,” ಎಂದರು ಹೆಂಡತಿ. ಆಮೇಲೆ ಗಂಡನ ಮುಖ ನೋಡಿ ನೀರಿನ ಅಂಚಿನತ್ತ ನಡೆದುಹೋದರು.

ಉಳಿದ ಕೆಲಸ ಮುಗಿಸಿದೆವು. ಗೆಳೆಯ ಆಮೇಲೆ ಡಬ್ಬವನ್ನು ಎಳೆಯಲಿಲ್ಲ. ಭುಜದ ಮೇಲೆ ಹೊತ್ತರು. ನೀರು ತಿರುಗುವ ಹೊತ್ತಿಗೆ ಹೆಂಡತಿ ಅಲ್ಲಿಂದಲೇ ಕೇಳಿದರು:

“ರೀ, ಈ ಕಡೆಗೆ ನೀವ್ಯಾರೂ ಡಬ್ಬ ಎಳ್ಕೊಂಡು ಬಂದಿಲ್ಲ ತಾನೆ?”

ಬಂದಿರಲಿಲ್ಲ. ಹಿಂದಿನ ದಿನ ಅಷ್ಟು ದೂರ ನೀರೇ ಇಳಿದಿರಲಿಲ್ಲ. ಆಂಟಿಯೂ ಬಂದರು. ಅಲ್ಲಿದ್ದ ಗೀರು ನೆಟ್ಟಗಿರಲಿಲ್ಲ. ಬಲಕ್ಕೆ ಬಾಗಿ, ಎಡಕ್ಕೆ ಹೊರಳಿ, ಹುಲ್ಲು ದಟ್ಟವಾಗಿದ್ದ ಕಡೆಗೇ ಹುಡುಕಿಕೊಂಡು ಹೋಗಿ, ಹುಲ್ಲಿನ ನಡುವೆಯೇ ಥಟ್ಟನೆ ನಿಂತಿತ್ತು. ಆಂಟಿ ಬಗ್ಗಿ ಬೆರಳಿಟ್ಟರು. ಗೆಳೆಯನ ಮಣಿಕಟ್ಟು ಹಿಡಿದು, ಅವರ ಕೈಯನ್ನು ಆ ಗೀರಿನೊಳಗೆ ಇಟ್ಟರು.

ನಾನೂ ಮುಟ್ಟಿದೆ. ಬರೀ ಮರಳು, ನುಣ್ಣಗೆ, ತಣ್ಣಗೆ.

“ಒಂದು ಬೇರೂ ಬಿಟ್ಟಿಲ್ಲ,” ಎಂದರು ಹೆಂಡತಿ ಮೆಲ್ಲಗೆ. “ಬಾಳೆ ಎಲೆ ಬಳಿದು ಊಟ ಮಾಡಿದ ಹಾಗೆ.”

ಜಾಡು ಯಾಕೆ ಅಲ್ಲಿ ನಿಂತಿತು ಎಂದು ಕೇಳಿದೆ. ಅಲ್ಲಿಗೆ ಅದಕ್ಕೆ ಉಸಿರು ಸಾಲದೆ ಮೇಲೆ ಹೋಗಿದೆ ಎಂದರು ಆಂಟಿ. ನಾವೆಲ್ಲ ತಲೆಯೆತ್ತಿದೆವು. ನಮ್ಮ ನೆತ್ತಿಯ ಮೇಲೆ ಖಾಲಿ ಗಾಳಿ. ನಾವು ಹೌಗಾಂಗ್‌ನಲ್ಲಿ ಮಲಗಿದ್ದ ಹೊತ್ತಿನಲ್ಲಿ ಅದೇ ಜಾಗ ನೀರಾಗಿತ್ತು. ಆ ದೊಡ್ಡ ಮೈ ಅಲ್ಲಿ ತೇಲಿ, ಮೂಗು ಹೊರಗಿಟ್ಟು ಉಸಿರೆಳೆದುಕೊಂಡಿತ್ತು. ಬಂದರಿನ ದೀಪಗಳು, ವಿಮಾನಗಳು, ಸಾಲು ಹಡಗುಗಳು, ಎಲ್ಲದರ ನಡುವೆ, ಯಾರಿಗೂ ಕಾಣದೆ.

ಗೆಳೆಯ ಫೋಟೋ ತೆಗೆಯಲಿಲ್ಲ, ಆಂಟಿಯೇ ತೆಗೆದರು. ಉಬ್ಬರದ ನೀರು ಬಂತು. ಹುಲ್ಲನ್ನು ಮುಟ್ಟುವ ಮೊದಲು ಅದು ಆ ಜಾಡಿನೊಳಕ್ಕೇ ಹರಿದು, ಅದರ ಒಂದೊಂದೇ ತಿರುವು ತುಂಬುತ್ತ ತುದಿಯವರೆಗೆ ಹೋಯಿತು. ಗೆಳೆಯ ಇನ್ನೂ ಕೈ ತೆಗೆದಿರಲಿಲ್ಲ.

“ಡುಗಾಂಗ್,” ಎಂದರು. ಮೂರು ವರ್ಷದಲ್ಲಿ ಆ ತೀರದ ಮೇಲೆ ಅವರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.