ಹೆಸರಿಲ್ಲದ ಚಿತ್ರಕ್ಕೆ ಅರ್ಥ ಹೇಳಲು ಹೋದದ್ದು

ಕನ್ನಡಕ ಹಾಕಿಕೊಂಡವನಿಗೆ ಎಲ್ಲವೂ ತಿಳಿಯುತ್ತದೆಂದು ನಮ್ಮ ಗಡಹಿಂಗ್ಲಜದ ಮಂದಿಯ ನಂಬಿಕೆ. ನಾನು ಹಾಕಿಕೊಂಡದ್ದು ದಾರಿಯಲ್ಲಿ ಅಡ್ಡ ಬರುವ ಎಮ್ಮೆ ಕಾಣಲೆಂದು. ಆದರೂ ಔಷಧದ ಸೀಸೆಯಿಂದ ಹಿಡಿದು ಬೆಳಗಿನ ಜಾವದ ಕನಸಿನವರೆಗೆ ಎಲ್ಲಕ್ಕೂ ನನ್ನಿಂದಲೇ ಅರ್ಥ ಹೇಳಿಸುತ್ತಾರೆ. ಗೊತ್ತಿಲ್ಲ ಎನ್ನುವ ಒಳ್ಳೆಯ ಗುಣ ನನಗೂ ಇಲ್ಲ.

ಹೀಗಾಗಿ, ಎರಡನೇ ಮಹಾಯುದ್ಧದ ಆ ಕಾಲದಲ್ಲಿ, ಮಾವನವರು ಕೊಲ್ಹಾಪುರಕ್ಕೆ ಹೊರಟಾಗ ನನ್ನನ್ನೂ ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿಗೆ ಹೇರಿಕೊಂಡರು. ಅವರ ಮಗ, ಅಂದರೆ ನನ್ನ ಹೆಂಡತಿಯ ತಮ್ಮ ಮಲ್ಲೇಶಿ, ಅಲ್ಲಿ ಚಿತ್ರಕಲೆ ಕಲಿಯುತ್ತಿದ್ದ. ಅವನ ಮೊದಲ ದೊಡ್ಡ ಚಿತ್ರ ಪ್ರದರ್ಶನಕ್ಕೆ ಬಂದಿತ್ತು. ಅದನ್ನು ನೋಡಿ, ಹುಡುಗನನ್ನು ಅಲ್ಲೇ ಬಿಡುವುದೋ, ತಮ್ಮ ಬೆಲ್ಲದ ಅಂಗಡಿಗೆ ಎಳೆದು ತರುವುದೋ ಎಂದು ಮಾವನವರು ಅವತ್ತೇ ತೀರ್ಮಾನಿಸುವವರಿದ್ದರು. "ನನಗ ತಿಳೀಲಿಲ್ಲಂದ್ರ ನೀವು ಬಿಡಿಸಿ ಹೇಳ್ರಿ," ಎಂದರು. ನಾನು ದಾರಿಯುದ್ದಕ್ಕೂ ದೊಡ್ಡ ದೊಡ್ಡ ಮಾತು ಹೊಂದಿಸಿಕೊಳ್ಳುತ್ತ ಕೂತೆ.

ಕೊಲ್ಹಾಪುರದ ಚಿತ್ರಗಳೆಂದರೆ ನಮಗೆ ಗೊತ್ತಿದ್ದವು. ಪೇಟಾ ಸುತ್ತಿದ ಸರದಾರರು, ಹುಲಿಬೇಟೆ, ನತ್ತಿನ ಮುತ್ತೂ ಹೊಳೆಯುವ ಹೆಂಗಸರು. ಪ್ರದರ್ಶನದ ಗೋಡೆಗೂ ಅವೇ ಸಾಲಾಗಿ ತೂಗಿದ್ದವು. ಆ ಸಾಲಿನ ಕೊನೆಗೆ ಮಲ್ಲೇಶಿಯದು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಒಂದರ ಹೆಗಲೇರಿ ಇನ್ನೊಂದು ಕೂತ ಬೂದಿ ಬಣ್ಣದ ಮನೆಗಳು, ಕೊಲ್ಹಾಪುರವೋ ಇಚಲಕರಂಜಿಯೋ ತಿಳಿಯದ ಊರು, ಬೀದಿ ತುಂಬ ಜನ. ಒಬ್ಬರಿಗೂ ಮುಖವಿಲ್ಲ. ಕಣ್ಣಿಲ್ಲ, ಮೂಗಿಲ್ಲ, ಗಂಡಸರಿಗೆ ಮೀಸೆಯೂ ಇಲ್ಲ. ನಾನು ಹೊಂದಿಸಿಕೊಂಡ ಮಾತೊಂದೂ ಇದಕ್ಕೆ ಹೊಂದುವಂತಿರಲಿಲ್ಲ.

ಮಾವನವರು ಕೆಳಗಿನ ಚೀಟಿಗೆ ಬಗ್ಗಿ, ಮರಾಠಿಯ ಬಾಲಬೋಧ ಅಕ್ಷರ ಕೂಡಿಸಿಕೊಂಡು ಓದಿದರು. "ನಾವ... ನಾಹೀ." ಬೆರಳಿಟ್ಟು ಇನ್ನೊಮ್ಮೆ ಓದಿದರು.

ಮರಾಠಿಯಲ್ಲಿ ನಾವ ಎಂದರೆ ಹೆಸರು, ನಾಹೀ ಎಂದರೆ ಇಲ್ಲ. ಹೆಸರಿಲ್ಲ ಎಂದು ಬರೆದಿದ್ದ, ಅಷ್ಟೇ. ಆದರೆ ನಮ್ಮ ಕನ್ನಡದಲ್ಲಿ ನಾವ ಎಂದರೆ ನಾವೇ. ಎರಡೂ ಭಾಷೆ ಕಲಸಿ ಉಣ್ಣುವ ಮನೆತನ. ಅರ್ಧ ಕನ್ನಡ, ಅರ್ಧ ಮರಾಠಿಯ ಇಂಥ ಮಾತು ನಮ್ಮ ಅಡುಗೆಮನೆಯಲ್ಲಿ ದಿನಾ ಕೇಳುವಂಥದೇ; ಮಾವನವರು ಅದನ್ನು 'ನಾವೇ ಇಲ್ಲ' ಎಂದು ಓದಿಕೊಂಡಿದ್ದರು.

"ಇಡೀ ಊರ ಬರದಾನ. ಅದರಾಗ ನಾವ ಇಲ್ಲಂತ," ಎಂದವರು ಚಿತ್ರದ ಜನರನ್ನು ಒಬ್ಬೊಬ್ಬರನ್ನಾಗಿ ಹುಡುಕತೊಡಗಿದರು. "ಈಕಿ ಮಲ್ಲೇಶಿ ಅವ್ವ ಅಲ್ಲೇನ್ರಿ? ಸೆರಗು ಹಂಗ ಐತಿ ನೋಡ್ರಿ."

ನನಗೆ ತಡೆಯಲಾಗಲಿಲ್ಲ. "ಮಾವಾರ, ಅದು ಮರಾಠಿ ನಾವ ರೀ. ಹೆಸರಿಲ್ಲ ಅಂತ."

ಮಲ್ಲೇಶಿ ಅಷ್ಟರಲ್ಲಿ ಬಂದು ನಮ್ಮ ಹಿಂದೆಯೇ ನಿಂತಿದ್ದ. ನಗುತ್ತಾನೆ ಎಂದುಕೊಂಡೆ. ಅವನು ತನ್ನ ಚಿತ್ರವನ್ನೇ ಈಗ ಮೊದಲ ಸಲ ಕಂಡವನಂತೆ ನೋಡುತ್ತಿದ್ದ. "ಅಪ್ಪಾ ಓದಿದ್ದ ಖರೇ," ಎಂದ. "ಇಲ್ಲಿ ನನಗ ಗುರುತಿನವರ ಯಾರೂ ಇಲ್ಲ. ಬರಿಯಾಕ ಕುಂತರ ಬೀದ್ಯಾಗಿನ ಒಂದ ಮಾರೀನೂ ನೆನಪಾಗವಲ್ದು. ನೆನಪಾಗೂವು ನಿಮ್ಮವು. ಅವನ್ನ ಬರದ್ರ ಅಳು ಬರತೈತಿ, ಅದಕ್ಕ ಬಿಟ್ಟೆ."

ಇನ್ನು ಹುಡುಗನ ಗಂಟುಮೂಟೆ ಕಟ್ಟಿದ ಹಾಗೇ ಎಂದು ನನಗನ್ನಿಸಿತು. ಮಾವನವರು ಮತ್ತೊಮ್ಮೆ ಆ ಸೆರಗನ್ನೇ ನೋಡಿದರು. ಆಮೇಲೆ ಮಗನ ಬೆನ್ನ ಮೇಲೆ ಕೈಯಿಟ್ಟು, "ಇಲ್ಲೇ ಇರು. ಅಳು ಬಂದ್ರ ಬರಲಿ, ನಮ್ಮನ್ನ ಬರಿ," ಎಂದರು.

ಹೊರಗೆ ಬಂದಮೇಲೆ, ಚಿತ್ರಕ್ಕೊಂದು ಒಳ್ಳೆಯ ಹೆಸರಿಡೋಣವೇ ಎಂದೆ. ನಮ್ಮ ಕಡೆ ಹೆಸರಿಡುವುದೆಂದರೆ ತೊಟ್ಟಿಲಲ್ಲೂ ಇಡಬಹುದು, ತಪ್ಪು ಹುಡುಕಿಯೂ ಇಡಬಹುದು.

"ಇಡಾವರು ಇಡಲಿ," ಎಂದರು ಮಾವನವರು. "ನಾವ ಇಡೂದ ಬ್ಯಾಡ."

ಆ 'ನಾವ' ಯಾವ ಭಾಷೆಯದೆಂದು ನಾನು ಕೇಳಲಿಲ್ಲ.