ವೈದ್ಯಮಂಡಳಿಯ ಮುಂದೆ ಬಾಗಿದ ಬೆನ್ನು

ಕೊರೋನಾದ ಭೀತಿ ಇಳಿದ ಮರುವರ್ಷ. ಮಾಜಿ ಸೈನಿಕರ ಪಿಂಚಣಿ ಮೇಲ್ಮನವಿಗಳನ್ನು ನಡೆಸುತ್ತಿದ್ದ ನಾನು ವಕೀಲಿ ವೃತ್ತಿಯನ್ನು ಬಹುಮಟ್ಟಿಗೆ ಮುಗಿಸಿ, ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟಸೀಮೆಯ ಗೆಟ್ಟವಾಡಿಯಲ್ಲಿ ನೆಲೆಸಿದ್ದೆ. ಮಡದಿ ಶಿವೈಕ್ಯಳಾದ ಮೇಲೆ, ಪೂಜೆಯ ಹೊತ್ತಿನ ಮಂತ್ರವನ್ನು ಬಿಟ್ಟರೆ ಆ ಮನೆಯಲ್ಲಿ ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ಹತ್ತಿರದ ತಿಗನಾರೆ ಊರಿನ ಸಿದ್ದಮಲ್ಲಪ್ಪ ಬಂದು ಜಗಲಿಯ ಕಂಬಕ್ಕೊರಗಿ ನಿಂತ. ಕುಳಿತುಕೊಳ್ಳಲು ಹೇಳಿದೆ.

“ಕೂತ್ರೆ ಎದ್ದೇಳಾಕೆ ಇನ್ನೊಬ್ರು ಬೇಕು ಬುದ್ದೀ. ನಿಂತ್ಕಂಡೇ ಮಾತಾಡ್ತೀನಿ.”

ಅವನು ಹಿಮದ ಗಡಿಯಲ್ಲಿ ಸೇನೆಯ ಲಾರಿ ಓಡಿಸುತ್ತಿದ್ದವನು. ವರ್ಷಾನುಗಟ್ಟಲೆ ಕುಲುಕಾಟ, ಭಾರ ಎತ್ತುವ ದುಡಿಮೆ. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಜಾರಿ, ಕಾಲಿಗಿಳಿಯುವ ನರವನ್ನು ಒತ್ತಿಹಿಡಿದಿತ್ತು. ಎಡಪಾದಕ್ಕೆ ಚಪ್ಪಲಿ ಇದೆಯೋ ಇಲ್ಲವೋ ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ. ಸೇನೆ ಅವನನ್ನು ಅನರ್ಹನೆಂದು ಮನೆಗೆ ಕಳುಹಿಸಿತು. ಆದರೆ ಈ ಊನ ಸೇವೆಯಿಂದ ಬಂದದ್ದಲ್ಲ, ದೇಹಪ್ರಕೃತಿಯಿಂದ ಬಂದದ್ದು ಎಂದು ಅಂಗವೈಕಲ್ಯ ಪಿಂಚಣಿಯನ್ನು ನಿರಾಕರಿಸಲಾಗಿತ್ತು. ಮೊದಲ ಮೇಲ್ಮನವಿಯೂ ಬಿದ್ದುಹೋಗಿತ್ತು.

ಅವನನ್ನು ಹೆಚ್ಚು ಕುಗ್ಗಿಸಿದ್ದು ಊರು. ಆ ಕಡೆ ಹೊಲಗಳಿಗೆ ಆನೆ, ಹಂದಿಗಳ ಕಾಟ. ಸಂಜೆಯಾದರೆ ಗಂಡಸರೆಲ್ಲ ಒಟ್ಟಾಗಿ ಕಾವಲಿಗೆ ಹೋಗುವುದು ರೂಢಿ. ಇವನು ಹೋಗಲಾರ. ಗಾಯ ಕಣ್ಣಿಗೆ ಕಾಣುವಂತಿದ್ದರೆ ಕ್ಷಮಿಸುತ್ತಿದ್ದರೇನೋ. ಒಮ್ಮೆ ಟೀ ಅಂಗಡಿಯಲ್ಲಿ ನನ್ನೆದುರಿಗೇ ಅವನ ಬಾಲ್ಯದ ಗೆಳೆಯ ಶಿವರುದ್ರ ಕೂಗಿದ:

“ಏನ್ಲಾ ಮಿಲ್ಟ್ರಿ, ಬೆನ್ನಿಗೆ ಇಸ್ತ್ರಿ ಆಕ್ಸಿದ್ದೀಯೇನ್ಲಾ? ಬಗ್ಗಾದೇ ಇಲ್ವಲ್ಲ!”

ಅಂಗಡಿಯೆಲ್ಲ ನಕ್ಕಿತು. ಸಿದ್ದಮಲ್ಲಪ್ಪನೂ ನಕ್ಕ. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: “ದುಡ್ಡು ಬರ್ಲಿ ಬುಡ್ಲಿ ಬುದ್ದೀ. ಇಂವ ಸುಳ್ಳಾಡ್ತಾ ಇಲ್ಲ ಅಂತ ಯಾರಾದ್ರೂ ದೊಡ್ಡೋರು ಬರ್ದು ಕೊಡ್ಬೇಕು.”

ಸೇನೆಗೆ ಸೇರುವಾಗ ಆರೋಗ್ಯವಂತನೆಂದು ಒಪ್ಪಿಕೊಂಡವನಿಗೆ ಆಮೇಲೆ ಊನವಾದರೆ, ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು. ಈ ತತ್ತ್ವವನ್ನು ಹಿಡಿದು ಚೆನ್ನೈನ ಸಶಸ್ತ್ರಪಡೆಗಳ ನ್ಯಾಯಮಂಡಳಿಗೆ ಹೋದೆವು. ಅವರು ಹೊಸ ವೈದ್ಯಮಂಡಳಿಯಿಂದ ಮರುಪರೀಕ್ಷೆಗೆ ಆದೇಶಿಸಿದರು.

ಪರೀಕ್ಷೆಯ ಕೊಠಡಿಗೆ ವಕೀಲರಿಗೆ ಪ್ರವೇಶವಿಲ್ಲ. ಹೊರಗಿನ ಬೆಂಚಿನಲ್ಲಿ ಕುಳಿತು ಮನಸ್ಸಿನಲ್ಲೇ ಪಂಚಾಕ್ಷರಿಯನ್ನು ಜಪಿಸುತ್ತಿದ್ದೆ. ಅವನು ಗೋಡೆ ಹಿಡಿದುಕೊಂಡು ಹೊರಬಂದ, ಮುಖದಲ್ಲಿ ರಕ್ತವಿರಲಿಲ್ಲ. ಏನಾಯಿತೆಂದು ಕೇಳಿದೆ.

“ದೊಡ್ಡ ಡಾಕ್ಟ್ರು ವಯಸ್ಸಾದೋರು ಬುದ್ದೀ. ಟೋಪಿ ಇಲ್ದೆ ಸೆಲ್ಯೂಟ್ ಒಡೆಯಂಗಿಲ್ಲ. ಅಂತೋರ ಮುಂದೆ ಸುಮ್ಕೆ ನಿಂತ್ಕಳಾಕಾಯ್ತದಾ? ಬಗ್ಗಿ ಪಾದ ಮುಟ್ಬುಟ್ಟೆ.”

“ಬೆನ್ನು?”

“ಬೆಂಕಿ ಬಿದ್ದಂಗಾಯ್ತು. ಬೀಳ್ಲಿ. ನೋವು ನಂದು, ನಮಸ್ಕಾರ ಅವ್ರದು.”

ಬರಿತಲೆಯಲ್ಲಿ ಸೆಲ್ಯೂಟ್ ಮಾಡಬಾರದೆಂಬುದು ಸೇನೆಯ ಶಿಸ್ತು. ಹಿರಿಯರ ಪಾದ ಮುಟ್ಟದೆ ಕಾರ್ಯ ಆರಂಭಿಸಬಾರದೆಂಬುದು ನಮ್ಮ ಬೆಟ್ಟದ ಶಿಸ್ತು. ಒಂದು ಅವನ ಕೈ ಕಟ್ಟಿತು, ಇನ್ನೊಂದು ಬೆನ್ನು ಬಾಗಿಸಿತು. ಗುರುಹಿರಿಯರಿಗೆ ಬಾಗುವುದನ್ನೇ ಮೊದಲ ಪಾಠವಾಗಿ ಕಲಿತ ನಾನು ಅವನನ್ನು ಗದರಲಾರದೆ ಹೋದೆ.

ವರದಿ ಅಲ್ಲೇ ಕೈಗೆ ಬಂತು. ಬಾಗಿಲಲ್ಲಿ ಸರಾಗವಾಗಿ ಬಾಗಿದವನು, ಮಲಗಿಸಿ ಕಾಲನ್ನು ತುಸು ಎತ್ತಿದೊಡನೆ ನೋವೆಂದು ನರಳಿದ್ದಾನೆ. ಆದ್ದರಿಂದ ಅವನ ದೂರು ನಂಬತಕ್ಕದ್ದಲ್ಲ ಎಂಬುದು ಅದರ ಸಾರ. ಯಾವ ಮಾತನ್ನು ಅಳಿಸಿಕೊಳ್ಳಲು ಬಂದಿದ್ದನೋ ಅದಕ್ಕೇ ಮೊಹರು ಬಿದ್ದಿತ್ತು. ಬೆಟ್ಟದ ತಿರುವುಗಳನ್ನೇರುವ ಬಸ್ಸಿನಲ್ಲಿ ಅವನು ಕಂಬಿ ಹಿಡಿದು ಉದ್ದಕ್ಕೂ ನಿಂತೇ ಬಂದ.

ಮುಂದಿನ ವಿಚಾರಣೆಯಲ್ಲಿ ಸರ್ಕಾರದ ವಕೀಲರು ಆ ನಮಸ್ಕಾರವನ್ನೇ ಮುಂದಿಟ್ಟರು. ನಾನು ನಡೆದದ್ದನ್ನು ನಡೆದಂತೆಯೇ ಹೇಳಿ, ನೋವಿಲ್ಲದ್ದರಿಂದ ಬಾಗಿದನೆಂಬುದು ಊಹೆ, ನೋವಿದ್ದೂ ಬಾಗಿದನೆಂಬುದು ಅವನ ಮಾತು, ಎರಡರಲ್ಲಿ ಯಾವುದು ನಿಜವೆಂದು ನರವನ್ನೇ ಕೇಳೋಣ ಎಂದು ಪ್ರಾರ್ಥಿಸಿದೆ. ಪೀಠದಲ್ಲಿದ್ದ ನಿವೃತ್ತ ಸೇನಾಧಿಕಾರಿ ಅವನತ್ತ ನೋಡಿ, ತಲೆಯ ಮೇಲೆ ಟೋಪಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಹಿಂದಿಯಲ್ಲಿ ಕೇಳಿದರು.

“ಸೆಲ್ಯೂಟ್, ಸಾಬ್.”

ಅವರು ನರ್ವ್ ಕಂಡಕ್ಷನ್ ಪರೀಕ್ಷೆಗೆ ಆದೇಶ ಬರೆಸಿದರು. ಇದರಲ್ಲಿ ನರಕ್ಕೆ ಸಣ್ಣ ವಿದ್ಯುತ್ತು ಕೊಟ್ಟು ಅದು ಎಷ್ಟು ಚುರುಕಾಗಿ ಹರಿಯುತ್ತದೆಂದು ಅಳೆಯುತ್ತಾರೆ. ಜೊತೆಗೆ ಸೂಜಿಯಿಂದ ಸ್ನಾಯುವನ್ನೂ ಪರೀಕ್ಷಿಸುತ್ತಾರೆ. ರೋಗಿ ಅಲ್ಲಿ ನಟಿಸಲಾರ. ವಿನಯದಿಂದ ಮುಚ್ಚಿಡಲೂ ಆರ. ಎಡಗಾಲಿನ ನರ ಬಹುಕಾಲದಿಂದ ಬಳಲಿದೆಯೆಂದು ಫಲಿತಾಂಶ ಹೇಳಿತು. ಅದು ಸೇವೆಯಿಂದ ಬಂದದ್ದಲ್ಲವೆಂದು ಸರ್ಕಾರ ತೋರಿಸಲಾರದೆ ಹೋದದ್ದರಿಂದ, ಊನವು ಸೇವೆಯಿಂದಲೇ ಉಂಟಾದುದೆಂದು ತೀರ್ಪಾಯಿತು.

ಆದೇಶದ ಪ್ರತಿಯನ್ನು ನಾನೇ ತಿಗನಾರೆಗೆ ಒಯ್ದೆ. ಸಂಜೆಯಾಗಿತ್ತು. ಪಿಂಚಣಿ ಎಷ್ಟೆಂದು ಸಿದ್ದಮಲ್ಲಪ್ಪ ಕೇಳಲಿಲ್ಲ. “ಸುಳ್ಳಲ್ಲ ಅಂತ ಬರ್ದವ್ರಾ?” ಎಂದ. ಬರೆದಿದ್ದಾರೆ ಎಂದೆ. ಕಾವಲಿಗೆ ಹೊರಟಿದ್ದ ಶಿವರುದ್ರ ನನ್ನನ್ನು ಕಂಡು ಒಳಬಂದ. ಇಂಗ್ಲಿಷಿನ ಆದೇಶವನ್ನು ಕನ್ನಡಕ್ಕೆ ತಿರುಗಿಸಿ ಅವನಿಗೆ ತಿಳಿಯುವಂತೆ ಎಲ್ಲವನ್ನೂ ವಿವರಿಸಿದೆ. ಕೇಳುತ್ತ ಕೇಳುತ್ತ ಅವನ ತಲೆ ತಗ್ಗಿತು.

“ಇಷ್ಟು ನೋವು ಮಡಿಕಂಡು ನಂಗ್ಯಾಕ್ಲಾ ಏಳ್ಳಿಲ್ಲ ನೀನು?”

“ಏಳ್ದೆ ಕಣ್ಲಾ. ನೀ ನಕ್ಕೆ.”

ದಾರಿಯಿಂದ ಜೊತೆಯವರು ಕೂಗಿದರು. ಶಿವರುದ್ರ ಟಾರ್ಚ್ ತೆಗೆದುಕೊಂಡು ಇಳಿದುಹೋದ.

ನಾನು ಗೆಟ್ಟವಾಡಿಯ ದಾರಿ ಹಿಡಿದೆ. ನೋವು ನಿಜವೆಂದು ಸಾಧಿಸಿ ತೋರಿಸುವುದು ನನ್ನ ವೃತ್ತಿಯಾಗಿತ್ತು. ಅದಕ್ಕೆ ಕಾನೂನಿದೆ, ಯಂತ್ರವಿದೆ, ಶಿವನ ದಯೆಯಿದ್ದರೆ ಒಳ್ಳೆಯ ಪೀಠವೂ ಸಿಗುತ್ತದೆ. ಆದರೆ ಪುರಾವೆಯಿಲ್ಲದೆಯೇ ನಂಬಬೇಕಾದವರು ನಂಬದೆ ಕಳೆದ ವರ್ಷಗಳಿಗೆ ಮೇಲ್ಮನವಿ ಸಲ್ಲಿಸಲು ಯಾವ ನ್ಯಾಯಾಲಯವೂ ಇಲ್ಲ.