ಮೂರು ಜನಕ್ಕೆ ಒಬ್ಬಟ್ಟು

ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನಿನ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯ ಚೀನಾದ ಗೆಳತಿ ಹತ್ತಿರದ ಊರು ಬಾಡ್‌ಹೂವೆಡಾರ್ಪ್‌ಗೆ ಮನೆ ಬದಲಿಸುವವಳಿದ್ದಳು. ಅವಳ ಬಾಕ್‌ಫೀಟ್ಸ್ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ಮುಂದೆ ಮರದ ಪೆಟ್ಟಿಗೆಯಿರುವ ಸೈಕಲ್ಲು ಅದು. ಇಬ್ಬರು ಮಕ್ಕಳು, ಒಂದು ಅಕ್ಕಿಮೂಟೆ ಆರಾಮಾಗಿ ಕೂರುತ್ತವೆ. ದುಡ್ಡಿನ ಮಾತು ಮೊದಲು ಎತ್ತಿದವರು ಸೋತರೆಂದೇ ಲೆಕ್ಕ. ಹಾಗಾಗಿ ಅವಳು ನನ್ನ ಒಬ್ಬಟ್ಟು ಹೊಗಳುವವರೆಗೂ ಕಾದು, "ನಿನ್ನ ಫೇರ್‌ವೆಲ್ ಪಾರ್ಟಿಗೆ ಒಬ್ಬಟ್ಟು ನಂದು, ಸೈಕಲ್ ನಂಗೆ" ಅಂದೆ. ಒಪ್ಪಿದಳು.

"ಎಷ್ಟು ಜನ ಬರ್ತಾರೆ?"

ಇಂಗ್ಲಿಷ್ ಪದ ಸಿಗದಿದ್ದರೆ ಚೀನೀ ಅಕ್ಷರ ಬರೆದು ತೋರಿಸುವುದು ಅವಳ ಅಭ್ಯಾಸ. ನಾವು ನಿಂತಿದ್ದ ಟ್ರಾಮ್ ನಿಲ್ದಾಣದ ಮಂಜು ಹಿಡಿದ ಗಾಜಿನ ಮೇಲೆ ಬೆರಳಿನಿಂದ 众 ಎಂದು ಗೀಚಿದಳು. 人 ಅಂದರೆ ಮನುಷ್ಯ, ಕಾಲು ಅಗಲಿಸಿ ನಿಂತವನು ಎಂದು ಹಿಂದೆ ಅವಳೇ ಕಲಿಸಿದ್ದಳು. ಇಲ್ಲಿ ಮೇಲೊಬ್ಬ, ಕೆಳಗಿಬ್ಬರು. ನಾನು ಮೂರು ಬೆರಳು ತೋರಿಸಿದೆ.

"ಕರೆಕ್ಟ್! ಮೂರು ಮನುಷ್ಯರು! ಜಾಣೆ!" ಎಂದು ಚಪ್ಪಾಳೆ ತಟ್ಟಿದಳು.

ಮೂರು ಜನರ ಒಬ್ಬಟ್ಟಿಗೆ ಇಡೀ ಸೈಕಲ್ಲು! ಲಾಭದ ವ್ಯಾಪಾರ ಕುದುರಿದಾಗ ಬಾಯಿ ಮುಚ್ಚಿಕೊಂಡಿರಬೇಕು, ನೋಡಿ. ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಶನಿವಾರ ಧಾರಾಳವಾಗಿ ಒಂದು ಡಜನ್ ಬೇಯಿಸಿ, ಡಬ್ಬಿ ಹಿಡಿದು ಮೇಲೆ ಹೋದೆವು. ಮುಂದೆ ಹೋಗಿ ಬಾಗಿಲು ತಳ್ಳಿದ ನನ್ನ ಗಂಡ ಹಾಗೇ ಹಿಂದೆ ಸರಿದರು. "ಲೇ, ಇದೇನೇ ಇದು! ಜನ, ಜನ, ಜನ ಕಣೇ!"

ಆಗ ತಲೆಗೆ ಹೊಳೆಯಿತು. ನಾವು ಮೂರು ಸಲ ಜನ ಅಂದರೂ ಮೂರೇ ಜನ ಅಂತಲ್ಲವಲ್ಲ! ಚೀನಿಯರೂ ಮನುಷ್ಯನನ್ನ ಮೂರು ಸಲ ಬರೆದು ದೊಡ್ಡ ಗುಂಪು ಅನ್ನುತ್ತಾರೆ. ಅವಳು ಚಪ್ಪಾಳೆ ತಟ್ಟಿದ್ದು ನಾನು ಅಕ್ಷರ ಬಿಡಿಸಿ ಓದಿದ್ದಕ್ಕೆ.

"ಹೋಯ್ತು ನಿನ್ನ ಸೈಕಲ್ಲು," ಅಂದರು ಇವರು.

"ಸುಮ್ನಿರ್ರೀ. ಚಾಕು ತನ್ನಿ."

ಅಡುಗೆಮನೆಗೆ ನುಗ್ಗಿ ಒಬ್ಬಟ್ಟನ್ನೆಲ್ಲ ಸಣ್ಣ ಸಣ್ಣ ಚೂರು ಮಾಡಿ, ತುಪ್ಪ ಸವರಿ, ಚೂರಿಗೊಂದು ಟೂತ್‌ಪಿಕ್ ಚುಚ್ಚಿ ತಟ್ಟೆ ಹಿಡಿದು ಹೊರಟೆ. ಕಾಫಿಗೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವ ದೇಶದಲ್ಲಿ ಇದೇ ಔತಣ. ಒಬ್ಬ ಡಚ್ ಅಜ್ಜ, "ಇನ್ನೊಂದು ತಗೋಬಹುದಾ?" ಎಂದು ನಾಚಿಕೊಂಡು ಕೇಳಿದರು. ಗೆಳತಿ ಬಿದ್ದು ಬಿದ್ದು ನಕ್ಕು, ಸೈಕಲ್ಲಿನ ಕೀ ನನ್ನ ಕೈಗಿಟ್ಟಳು.

ಗೆದ್ದ ಮೇಲೂ ಒಂದು ಕೊಸರು ಕೇಳದೆ ಬರಬಾರದು. "ಸೈಕಲ್ಲಿನ ಮಳೆ ಕವರ್ರೂ ಕೊಡು" ಅಂದೆ.

"ಕೊಡ್ತೀನಿ. ನನ್ನ ಬಾಲ್ಕನಿ ಗಿಡಗಳನ್ನ ಅದೇ ಸೈಕಲ್ಲಲ್ಲಿ ಹೊಸ ಮನೆಗೆ ತಲುಪಿಸು."

"ಎಷ್ಟಿವೆ?"

ಟಿಶ್ಯೂ ಮೇಲೆ ಮರ ಅನ್ನುವ ಅಕ್ಷರ ಒಂದು ಬರೆದಳು. ಪಕ್ಕದಲ್ಲಿ ಇನ್ನೊಂದು, ಎರಡರ ನೆತ್ತಿಯ ಮೇಲೆ ಮತ್ತೊಂದು: 森.

ಇವರು ಖುಷಿಯಿಂದ ಮೂರು ಬೆರಳು ಎತ್ತುತ್ತಿದ್ದರು. ಕೈ ಹಿಡಿದು ಕೆಳಗಿಳಿಸಿದೆ.

"ಮೊದ್ಲು ಬಾಲ್ಕನಿ ತೋರ್ಸು," ಅಂದೆ.